ನಾನು ಕೂಡಿಸದ ಐದೂವರೆ ಗಂಟೆ

ಕಳೆದ ವಾರ ಚನ್ನಗಿರಿ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಹೋಗುತ್ತಿದ್ದಾಗ ಒಂದು ಮೋಟರ್ ವೈಂಡಿಂಗ್ ಅಂಗಡಿಯಿಂದ ವಾರ್ನಿಷ್ ವಾಸನೆ ಬಂತು. ಸುಟ್ಟ ಪಂಪ್‌ಸೆಟ್ ಮೋಟರಿನ ಹಳೆ ತಾಮ್ರದ ತಂತಿಯನ್ನು ಕಿತ್ತು, ಹೊಸದನ್ನು ಸುತ್ತಿ ಕೂರಿಸಿದ ಮೇಲೆ ಅದರ ಮೇಲೆ ಹೊಯ್ಯುವ ವಾರ್ನಿಷ್. ಮೂಗಿಗಿಂತ ಮೊದಲು ಗಂಟಲಿಗೆ ತಾಗುವ ವಾಸನೆ ಅದು. ನಾನು ನಿಂತೆ. ಅಂಗಡಿಯವನು ತಲೆ ಎತ್ತಿ, ‘ಏನ್ ಬೇಕಿತ್ತು ಸರ್?’ ಎಂದ. ಏನೂ ಬೇಕಿರಲಿಲ್ಲ...

ನ್ಯಾಮತಿಯಲ್ಲಿ ಇದೇ ವಾಸನೆಯ ಒಂದು ಅಂಗಡಿ ಇತ್ತು. ಅದರ ಯಜಮಾನರನ್ನು ಓಣಿಯೆಲ್ಲ ಚಾಚಾ ಎನ್ನುತ್ತಿತ್ತು. ನಾನೂ ಹಾಗೇ ಕರೆಯುತ್ತಿದ್ದೆ. ಆಗ ನಾನು ಅಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನ್ಯಾಮತಿ ತಾಲ್ಲೂಕು ಆದ ಹೊಸದು. ಅವರನ್ನು ಮೊದಲು ಕಂಡ ದಿನ ಮಳೆ ಬರುತ್ತಿತ್ತು ಎಂದು ಈಗಷ್ಟೇ ಒಂದು ಸಾಲು ಬರೆದು ಹೊಡೆದುಹಾಕಿದೆ. ಶಾಲೆಯ ಬೋರ್‌ವೆಲ್ಲಿನ ಮೋಟರ್ ಸುಟ್ಟಿತ್ತು, ಆಟೋದಲ್ಲಿ ಹಾಕಿಕೊಂಡು ಹೋಗಿದ್ದೆ. ಮೋಟರ್ ಸುಡುವುದು ಬೇಸಿಗೆಯಲ್ಲಿ. ಮಳೆ ಎಲ್ಲಿಂದ ಬಂತೋ ಗೊತ್ತಿಲ್ಲ. ಸತ್ತವರ ಬಗ್ಗೆ ಬರೆಯಲು ಕೂತರೆ ಮಳೆ ತಾನಾಗಿ ಸುರಿಯತೊಡಗುತ್ತದೆ. ಅದನ್ನು ನಂಬಬೇಡಿ.

ಮೋಟರಿನ ಮುಚ್ಚಳ ಬಿಚ್ಚಿ ನೋಡಿದವರೇ ಅವರು ನಕ್ಕದ್ದು ಮಾತ್ರ ನಿಜ.

‘ನಿಮ್ಮ ಶಾಲೆ ಮೋಟರು ನಿಮ್ಮ ಹುಡುಗ್ರಂಗೇ ಐತೆ ಮೇಷ್ಟ್ರೇ. ಒಳಗೆ ಏನೂ ಉಳಿದಿಲ್ಲ, ಸದ್ದು ಮಾತ್ರ ಜೋರು.’

ಅಂಗಡಿಯ ಹಿಂದೆಯೇ ಅವರ ಮನೆ. ಮುಂದಿನ ಕೋಣೆ ಅಂಗಡಿ, ನಡುವೆ ಒಂದು ಹಜಾರ, ಹಜಾರದ ಎಡಕ್ಕೆ ಮಗಳ ಕೋಣೆ, ಎದುರಿಗೆ ಅಡುಗೆಮನೆ. ಒಂದು ಪುಟ್ಟ ಕೈಚಕ್ರಕ್ಕೆ ತಂತಿ ಹಾಕಿ ತಿರುಗಿಸುತ್ತ ಅವರು ಸುತ್ತುಗಳನ್ನು ಎಣಿಸುತ್ತಿದ್ದರು. ಎಣಿಸುವ ಮುಳ್ಳು ಎಂದೋ ಮುರಿದುಹೋಗಿತ್ತು. ಬಾಯಲ್ಲೇ ಎಣಿಕೆ, ಉರ್ದುವಿನಲ್ಲಿ. ಎಣಿಕೆ ತಪ್ಪಿದರೆ ಅಷ್ಟೂ ಬಿಚ್ಚಿ ಮೊದಲಿನಿಂದ ಸುತ್ತಬೇಕು. ಹಾಗಾಗಿ ಆ ಮನೆಯಲ್ಲಿ ಒಂದು ಕಟ್ಟುಪಾಡು ಇತ್ತು. ಅವರು ಎಣಿಸುತ್ತಿರುವಾಗ ಯಾರೂ ಮಾತಾಡಿಸುವಂತಿಲ್ಲ. ಯಾರಾದರೂ ಬಾಗಿಲಿಗೆ ಬಂದರೆ ಅವರು ತಲೆ ಎತ್ತದೆ ಎಡಗೈಯ ಅಂಗೈ ತೋರಿಸುತ್ತಿದ್ದರು. ಬಂದವರು ನಿಲ್ಲಬೇಕು, ಇಲ್ಲ ಹೋಗಬೇಕು. ಊರ ಗೌಡರಿಗೂ ಅಂಗೈಯೇ, ಹೆಂಡತಿಗೂ ಅಂಗೈಯೇ. ನನಗೂ ಎಷ್ಟೋ ಸಲ ಸಿಕ್ಕಿದೆ.

ಅವರ ದೊಡ್ಡ ಮಗಳನ್ನು ಜಗಳೂರಿನ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಮನೆಯಲ್ಲಿ ಇದ್ದವಳು ಚಿಕ್ಕವಳು. ಹೊನ್ನಾಳಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಕಂಪ್ಯೂಟರ್ ಓದುತ್ತಿದ್ದಳಂತೆ. ಚಿಕ್ಕಂದಿನ ಜ್ವರವೊಂದು ಹೃದಯದ ಕವಾಟವನ್ನು ಕೆಡಿಸಿಟ್ಟು ಹೋಗಿತ್ತು. ಬಸ್ಸು ಹತ್ತಿ ಇಳಿದರೆ ಉಬ್ಬಸ. ಎರಡನೇ ವರ್ಷಕ್ಕೆ ಓದು ನಿಂತಿತು. ನಾನು ಅವಳನ್ನು ನೋಡಿದ್ದು ಮೂರೋ ನಾಲ್ಕೋ ಸಲ. ತೆಳ್ಳಗಿದ್ದಳು. ದುಪಟ್ಟಾ ಹಸಿರು ಬಣ್ಣದ್ದು ಅನ್ನಿಸುತ್ತದೆ, ಆದರೆ ಅದು ಯಾರದೋ ಮದುವೆ ಫೋಟೋದಿಂದ ಬಂದು ಸೇರಿಕೊಂಡ ಹಸಿರೂ ಇರಬಹುದು...

ಅವಳ ಕಂಪ್ಯೂಟರ್ ಹಗಲೂ ಇರುಳೂ ಓಡುತ್ತಿತ್ತು. ಏನು ಮಾಡುತ್ತದೆ ಎಂದು ಕೇಳಿದ್ದಕ್ಕೆ ಅವಳೇ ಒಮ್ಮೆ ನನಗೆ ಹೇಳಿದಳು. ದೂರದ ಯಾವುದೋ ದೇಶದ ವಿಜ್ಞಾನಿಗಳು ಒಂದು ರೋಗಕ್ಕೆ ಔಷಧ ಹುಡುಕುತ್ತಿದ್ದಾರೆ. ಲೆಕ್ಕ ತುಂಬ ದೊಡ್ಡದು. ಅದನ್ನು ಲಕ್ಷಾಂತರ ಚೂರು ಮಾಡಿ, ಒಪ್ಪಿದವರ ಮನೆಯ ಕಂಪ್ಯೂಟರುಗಳಿಗೆ ಒಂದೊಂದು ಚೂರು ಕಳಿಸುತ್ತಾರೆ. ಮನೆಯವರು ಬಳಸದಿರುವ ಹೊತ್ತಿನಲ್ಲಿ ಯಂತ್ರ ತನ್ನ ಪಾಡಿಗೆ ಅದನ್ನು ಬಿಡಿಸುತ್ತದೆ. ಮುಗಿದಾಗ ಉತ್ತರ ವಾಪಸು ಕಳಿಸಬೇಕು. ಕಳಿಸಿದವರ ಹೆಸರಿನ ಮುಂದೆ ಒಂದು ಸಾಲು ಸೇರುತ್ತದೆ. ಅಷ್ಟೇ.

‘ಮುಯ್ಯಾಳು ಇದ್ದಂಗೆ ಅನ್ನು,’ ಎಂದೆ ನಾನು.

ಅಂಗಡಿಯಿಂದ ಚಾಚಾ ಕೂಗಿದರು. ‘ಮುಯ್ಯಾಳು ಅಂದ್ರೆ ಅವರೂ ಒಂದಿನ ನಮ್ಮ ಹೊಲಕ್ಕೆ ಬರಬೇಕಲ್ಲ ಮೇಷ್ಟ್ರೇ? ಇವರು ಯಾವಾಗ ಬರ್ತಾರಂತೆ ಕೇಳ್ರಿ.’

‘ನಮಗೆ ಹೊಲಾನೇ ಇಲ್ಲ ಅಬ್ಬಾ,’ ಎಂದಳು ಅವಳು.

ಅದು ಅವಳ ಕಾಯಿಲೆಗೆ ಔಷಧ ಹುಡುಕುವ ಲೆಕ್ಕವಾಗಿರಲಿಲ್ಲ. ಬೇರೆ ಯಾರದೋ ಕಾಯಿಲೆ. ತಾಯಿ ಕೇಳಿದಾಗಲೂ ಅವಳು ಅದನ್ನೇ ಹೇಳಿದ್ದಳಂತೆ. ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಮನೆಗೆ ಬೇರೆ ಇಂಟರ್ನೆಟ್ ಇರಲಿಲ್ಲ. ಒಂದು ಚೂರು ಮುಗಿದಾಗ ಅವಳು ಎದ್ದು ಕಂಪ್ಯೂಟರಿನ ಮುಂದೆ ಕೂತು, ತನ್ನ ಮೊಬೈಲಿನಿಂದ ಅದಕ್ಕೆ ನೆಟ್ ಕೊಟ್ಟು, ಉತ್ತರ ಹೋದ ಮೇಲೆ ನೆಟ್ ಆರಿಸುತ್ತಿದ್ದಳು. ಅಂದರೆ ಉತ್ತರ ತಾನಾಗಿ ಹೋಗುತ್ತಿರಲಿಲ್ಲ. ಹೋದ ಪ್ರತಿ ಸಲವೂ ಅವಳು ಎಚ್ಚರವಾಗಿ ಅಲ್ಲಿ ಕೂತಿದ್ದಳು.

ಅವಳು ಹೋದ ದಿನದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಚಾಚಾ ಹೇಳಿದ್ದು. ನಾನು ಆ ದಿನ ಶಾಲೆಯಲ್ಲಿದ್ದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಅವರು ಅಂಗಡಿಯಲ್ಲಿ ಸುರುಳಿ ಸುತ್ತುತ್ತಿದ್ದರು. ಮಗಳು ಬಾಗಿಲಿಗೆ ಬಂದು ‘ಅಬ್ಬಾ’ ಎಂದಳು. ಅವರು ಅಂಗೈ ತೋರಿಸಿದರು. ಅವಳು ಒಂದಿಷ್ಟು ಹೊತ್ತು ನಿಂತಿದ್ದು ಹೊರಟುಹೋದಳು. ಅವತ್ತೇ ಅವರು ಜಗಳೂರಿಗೆ ಹೋಗಬೇಕಿತ್ತು. ಬೀಗರ ಮೋಟರ್ ರಿಪೇರಿಯಾಗಿ ಗೋಣಿಚೀಲದಲ್ಲಿ ಕೂತಿತ್ತು. ಅಲ್ಲಿ ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತು, ನೀರಿಲ್ಲದೆ ಒಣಗುತ್ತಿತ್ತು. ಕೈಲಿದ್ದ ಸುರುಳಿ ಮುಗಿಸಿ, ಕೈಕಾಲು ತೊಳೆದು, ಹೊರಡುವ ಮುಂಚೆ ಮಗಳ ಕೋಣೆಯ ಹತ್ತಿರ ಹೋದರು. ಕದ ಮುಚ್ಚಿತ್ತು. ಅಡುಗೆಮನೆಯಿಂದ ಹೆಂಡತಿ, ‘ಮಲಗ್ಯಾಳೆ, ಎಬ್ಬಿಸಬ್ಯಾಡ್ರಿ’ ಎಂದರು. ಚಿಲಕದ ಮೇಲೆ ಕೈ ಇಟ್ಟವರು ಹಾಗೇ ತೆಗೆದರು. ಗಂಟೆ ಹನ್ನೊಂದು ದಾಟಿತ್ತು, ಹನ್ನೊಂದೂವರೆಯ ಬಸ್ಸಿಗೆ ಹೋಗಬೇಕು, ಹನ್ನೊಂದೂ ಕಾಲಿಗೆ ಮನೆ ಬಿಟ್ಟರು. ಹೊನ್ನಾಳಿ ದಾಟಿ ಒಂದಷ್ಟು ದೂರ ಹೋದಾಗ ಫೋನ್ ಬಂತು. ತಾಯಿ ಊಟಕ್ಕೆ ಎಬ್ಬಿಸಲು ಹೋದರೆ ಅವಳು ಏಳಲಿಲ್ಲ. ಚಾಚಾ ನಡುದಾರಿಯಲ್ಲಿ ಇಳಿದು, ಮೋಟರನ್ನು ಒಂದು ಚಹಾ ಹೋಟೆಲಿನಲ್ಲಿ ಬಿಟ್ಟು, ಇಟ್ಟಿಗೆ ತುಂಬಿದ ಟೆಂಪೋದಲ್ಲಿ ವಾಪಸು ಬಂದರು.

ನಲವತ್ತನೇ ದಿನದ ಫಾತಿಹಾ ಮುಗಿದ ಮೇಲೆ ಅವರು ಶಾಲೆಗೆ ಬಂದರು. ಸ್ಟಾಫ್‌ರೂಮಿನ ಹೊರಗೆ ನಿಂತು, ಚಪ್ಪಲಿ ಬಿಟ್ಟು ಒಳಗೆ ಬರಲು ಹೊರಟರು, ಬೇಡವೆಂದರೂ ಬಿಟ್ಟರು.

‘ಮೇಷ್ಟ್ರೇ, ನಿಮಗೆ ಕಂಪ್ಯೂಟರ್ ಬರತೈತಲ್ಲ?’

‘ಅಷ್ಟಿಷ್ಟು ಬರತೈತೆ ಚಾಚಾ.’

‘ಅದ್ರಾಗೆ ಒಂದು ನೋಡಬೇಕಿತ್ತು. ನೀವು ಬರಬೇಕು.’

ಅವರಿಗೆ ಬೇಕಾಗಿದ್ದು ಇಷ್ಟು: ಅವಳು ಕೊನೆಯ ಉತ್ತರವನ್ನು ಕಳಿಸಿದ್ದು ಯಾವಾಗ? ದಾರಿಯುದ್ದಕ್ಕೂ ಬಿಡಿಬಿಡಿಯಾಗಿ ಹೇಳುತ್ತ ಬಂದರು. ಅವಳ ಫೋನು ಸಿಕ್ಕಿದ್ದು ಹಾಸಿಗೆಯ ಮೇಲಲ್ಲ, ಕಂಪ್ಯೂಟರಿನ ಪಕ್ಕ. ಹಾಗಾದರೆ ಅವರು ಕದದ ಹೊರಗೆ ನಿಂತಿದ್ದಾಗ ಅವಳು ಮಲಗಿದ್ದಳೋ, ಎದ್ದು ಕೂತಿದ್ದಳೋ? ಮಲಗಿದ್ದರೆ ಎಬ್ಬಿಸದೆ ಹೋದದ್ದು ಸರಿ. ಎದ್ದಿದ್ದರೆ...

‘ಮನೆಯಾಕಿ ಮಲಗಿದ್ಲು ಅಂತಾಳೆ,’ ಎಂದರು. ‘ಆಕಿ ನನ್ನ ಸಮಾಧಾನಕ್ಕೆ ಏನು ಬೇಕಾದ್ರೂ ಹೇಳ್ತಾಳೆ. ಕಂಪ್ಯೂಟರಿಗೆ ನನ್ನ ಮ್ಯಾಲೆ ಕನಿಕರ ಇಲ್ಲ. ಅದೇ ಹೇಳ್ಲಿ.’

ಯಂತ್ರ ಆ ನಲವತ್ತು ದಿನ ಆರಿತ್ತು. ಹಚ್ಚಿದೆ. ಕಳಿಸಿದ ಕೆಲಸಗಳ ಪಟ್ಟಿಯೊಂದು ಅದರೊಳಗೆ ಸಿಕ್ಕಿತು. ಒಂದೊಂದು ಸಾಲಿನಲ್ಲಿ ಕೆಲಸದ ಉದ್ದನೆಯ ಹೆಸರು, ಅದರ ಮುಂದೆ ಹತ್ತು ಅಂಕಿಯ ಒಂದು ಸಂಖ್ಯೆ. ತಾರೀಕು ಇಲ್ಲ, ಗಂಟೆ ಇಲ್ಲ. ಚಾಚಾ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

‘ಇದೇನು, ಫೋನ್ ನಂಬರಾ?’

‘ಅಲ್ಲ ಚಾಚಾ, ಇದೇ ಟೈಮು. ಕಂಪ್ಯೂಟರು ಗಂಟೆ ತಾರೀಕು ಅಂತ ಇಟ್ಟುಕೊಳ್ಳಲ್ಲ. ಸಾವಿರದ ಒಂಬೈನೂರ ಎಪ್ಪತ್ತನೇ ಇಸವಿ ಜನವರಿ ಒಂದರಿಂದ ಇಲ್ಲೀತನಕ ಎಷ್ಟು ಸೆಕೆಂಡು ಆಯ್ತು ಅಂತ ಎಣಿಸ್ತಾ ಹೋಗತೈತೆ.’

‘ನಿಲ್ಲಿಸದಂಗೆ?’

‘ನಿಲ್ಲಿಸದಂಗೆ.’

‘ನಡುವೆ ಯಾರಾದ್ರೂ ಮಾತಾಡಿಸಿದ್ರೆ?’

ಅವರು ತಮಾಷೆಗೆ ಕೇಳಿದರೋ ನಿಜವಾಗಿ ಕೇಳಿದರೋ ಆಗಲೂ ತಿಳಿಯಲಿಲ್ಲ. ನಾನು ನಕ್ಕೆ, ಅವರು ನಗಲಿಲ್ಲ. ಆ ಅಂಕಿಗಳನ್ನೇ ನೋಡುತ್ತ, ‘ಎಪ್ಪತ್ತನೇ ಇಸವಿ ಯಾಕೆ?’ ಎಂದರು.

‘ಯಾಕೂ ಇಲ್ಲ. ಎಲ್ಲಿಂದಾದ್ರೂ ಶುರು ಮಾಡಬೇಕಲ್ಲ.’

‘ನಾನೂ ಅದೇ ಸುಮಾರಿಗೆ ಹುಟ್ಟಿದ್ದು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ ಒಂದು ಅಂತ ಬರಕೊಂಡ್ರು. ನಮ್ಮ ಓಣ್ಯಾಗೆ ಎಲ್ರೂ ಹುಟ್ಟಿದ್ದು ಜೂನ್ ಒಂದೇ. ನಿಮ್ಮ ಮೇಷ್ಟ್ರುಗಳೇ ಯಾರೋ ಇದನ್ನೂ ಬರಕೊಂಡಿರಬೇಕು.’

ಆ ಸಂಖ್ಯೆಯನ್ನು ಮೊಬೈಲಿನಲ್ಲಿ ಹುಡುಕಿದ್ದರೆ ಗಂಟೆ, ನಿಮಿಷ ಎಲ್ಲ ಕಣ್ಣೆದುರು ಬರುತ್ತಿತ್ತು. ನಾನು ಹುಡುಕಲಿಲ್ಲ. ಒಂದು ಹಾಳೆ ಕೊಡಿ ಎಂದೆ. ಮಗಳನ್ನು ಕಳೆದುಕೊಂಡ ಮನುಷ್ಯನ ಎದುರಿಗೆ ಕೂತು ನನಗೆ ಬೇಕಾಗಿದ್ದು, ನೋಡಿ ನಾನು ಇದನ್ನು ಕೈಯಲ್ಲೇ ಬಿಡಿಸುತ್ತೇನೆ ಎಂದು ತೋರಿಸುವುದು. ಇದರಲ್ಲಿ ನನಗೆ ಅನುಮಾನವಿಲ್ಲ. ನೆನಪು ಹೊಗಳಿಕೆಯ ಕಡೆಗೆ ವಾಲುತ್ತದೆಯೇ ಹೊರತು ಹೀಗೆ ನನ್ನ ವಿರುದ್ಧ ವಾಲುವುದಿಲ್ಲ. ಒಂದು ದಿನಕ್ಕೆ ಎಂಬತ್ತಾರು ಸಾವಿರದ ನಾನೂರು ಸೆಕೆಂಡು. ಭಾಗಿಸಿದೆ. ಬಂದ ದಿನಗಳನ್ನು ಅಧಿಕ ವರ್ಷಗಳ ಸಮೇತ ಎಣಿಸಿ ತಾರೀಕು ತೆಗೆದೆ. ಅವಳು ಹೋದ ದಿನವೇ ಬಂತು. ಶೇಷ ಇಪ್ಪತ್ತು ಸಾವಿರದ ನಾನೂರ ಮೂವತ್ತೇಳು. ಅದನ್ನು ಗಂಟೆಗೆ ತಿರುಗಿಸಿದೆ. ಐದು ಗಂಟೆ, ನಲವತ್ತು ನಿಮಿಷ, ಮೂವತ್ತೇಳು ಸೆಕೆಂಡು.

‘ಬೆಳಗಿನ ಐದು ನಲವತ್ತು ಚಾಚಾ.’

ಅವರು ಕನ್ನಡಕ ತೆಗೆದು ಹಾಳೆಯ ಮೇಲಿಟ್ಟರು. ಆಮೇಲೆ ನಿಧಾನವಾಗಿ ಜೋಡಿಸತೊಡಗಿದರು. ‘ಆ ಹೊತ್ತಿಗೆ ನಾನು ಮಸೀದ್ಯಾಗೆ ಇದ್ದೆ. ಅದಕ್ಕೇ ಗೊತ್ತಾಗಲಿಲ್ಲ. ಬೆಳಿಗ್ಗೆನೇ ಎದ್ದು ಕಳಿಸ್ಯಾಳೆ. ನಿದ್ದೆಗೆಟ್ಟಿದ್ಲು. ಹತ್ತು ಗಂಟೆಗೆ ಕಳಿಸ್ದೆ ಅಬ್ಬಾ ಅಂತ ಹೇಳಾಕೆ ಬಂದಿದ್ಲು, ಅಷ್ಟೇ. ಆಮೇಲೆ ಹೋಗಿ ಮಲಗ್ಯಾಳೆ. ನಿದ್ದೆ ಹತ್ತಿತ್ತು. ಅಲ್ವಾ ಮೇಷ್ಟ್ರೇ?’

‘ಹೌದು ಚಾಚಾ.’

‘ಮತ್ತೆ ಎದ್ದು ಕಳಿಸಿದ್ದು ಏನೂ ಇಲ್ಲ?’

‘ಇದೇ ಕೊನೇದು.’

ಒಳಗೆ ಹೋಗಿ ಹೆಂಡತಿಗೆ ಉರ್ದುವಿನಲ್ಲಿ ಏನೋ ಹೇಳಿದರು. ಆಕೆಯ ಅಳು ಕೇಳಿಸಿತು. ನನ್ನ ಲೆಕ್ಕದ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಅಂದಿನಿಂದ ಅವರು ಮತ್ತೆ ಕೈಚಕ್ರದ ಮುಂದೆ ಕೂತರು. ಅಲ್ಲಿಯ ತನಕ ಅಂಗಡಿ ತೆರೆದಿರುತ್ತಿತ್ತು, ಕೆಲಸ ಆಗುತ್ತಿರಲಿಲ್ಲ. ಇದನ್ನು ನಾನು ಒಬ್ಬನೇ ಹೇಳುತ್ತಿಲ್ಲ, ಓಣಿಯವರೆಲ್ಲ ಹೇಳುತ್ತಿದ್ದರು. ಅದಕ್ಕೇ ಮುಂದಿನದನ್ನು ಬರೆಯುವುದು ಕಷ್ಟವಾಗುತ್ತಿದೆ.

ಯಂತ್ರವನ್ನು ಆರಿಸಬೇಡಿ ಎಂದರು ಅವರು. ಲೆಕ್ಕದ ಚೂರುಗಳು ಬರುತ್ತಿರಲಿ, ಹೋಗುತ್ತಿರಲಿ, ಅವಳ ಹೆಸರಿನ ಮುಂದೆ ಸಾಲು ಸೇರುತ್ತಿರಲಿ. ಅವರಿಗೆ ನೆಟ್ ಕೊಡಲು ಬರುತ್ತಿರಲಿಲ್ಲ. ನಾನು ಭಾನುವಾರ ಹೋಗಿ ನನ್ನ ಮೊಬೈಲಿನಿಂದ ನೆಟ್ ಕೊಟ್ಟು ಕಳಿಸುವುದೆಂದು ಆಯಿತು. ಈಗ ಯಾರಾದರೂ ಕೇಳಿದರೆ ಪ್ರತಿ ಭಾನುವಾರ ತಪ್ಪದೆ ಹೋಗುತ್ತಿದ್ದೆ ಎಂದೇ ಹೇಳುತ್ತೇನೆ. ನನ್ನ ನೆನಪಿನಲ್ಲಿ ಹಾಗೇ ಇದೆ. ಆದರೆ ಆ ಪಟ್ಟಿಯ ಒಂದು ಪ್ರತಿ ನನ್ನ ಹತ್ತಿರ ಇದೆ. ಅವಳ ಕೊನೆಯ ಸಾಲಿನ ಕೆಳಗೆ, ಒಂದೂವರೆ ವರ್ಷಕ್ಕೆ, ಅದರಲ್ಲಿ ಹನ್ನೊಂದು ಸಾಲುಗಳಿವೆ. ಹನ್ನೊಂದೇ ಸಲ ಹೋಗಿದ್ದೇನೆ. ಉಳಿದ ಭಾನುವಾರಗಳನ್ನು ಯಾರು ತುಂಬಿದರೋ...

ಆ ಹನ್ನೊಂದರಲ್ಲಿ ನಾಲ್ಕನೆಯದು. ಮಧ್ಯಾಹ್ನದ ಅಜಾನ್ ಆಗಿ ಚಾಚಾ ಮಸೀದಿಗೆ ಹೋಗಿದ್ದರು. ಉತ್ತರ ಕಳಿಸಿ ಗಡಿಯಾರ ನೋಡಿದೆ, ಒಂದೂ ಮುಕ್ಕಾಲು. ಪಟ್ಟಿಯಲ್ಲಿ ಹೊಸ ಸಾಲು ಸೇರಿತ್ತು. ಕೆಲಸವಿಲ್ಲದೆ ಕೂತವನು ಬೆರಳು ತುರಿಸಿ ಆ ಹೊಸ ಸಂಖ್ಯೆಯನ್ನೂ ಭಾಗಿಸಿದೆ. ಎಂಟೂ ಕಾಲು ಬಂತು. ಲೆಕ್ಕ ತಪ್ಪಿತು ಎಂದು ಮತ್ತೆ ಮಾಡಿದೆ. ಮತ್ತೆ ಎಂಟೂ ಕಾಲು. ಎಂಟೂ ಕಾಲಿಗೆ ನಾನು ನನ್ನ ಮನೆಯಲ್ಲಿ ದೋಸೆ ತಿನ್ನುತ್ತಿದ್ದೆ.

ಆ ಎಣಿಕೆ ಶುರುವಾಗಿದ್ದು ನಮ್ಮ ದೇಶದ ನಡುರಾತ್ರಿಯಿಂದ ಅಲ್ಲ, ಇಂಗ್ಲೆಂಡಿನ ಗಡಿಯಾರದ ನಡುರಾತ್ರಿಯಿಂದ. ಅಲ್ಲಿ ಹನ್ನೆರಡು ಹೊಡೆಯುವಾಗ ನಮ್ಮಲ್ಲಿ ಬೆಳಗಿನ ಐದೂವರೆ. ಬಂದ ಉತ್ತರಕ್ಕೆ ಐದೂವರೆ ಗಂಟೆ ಕೂಡಿಸಬೇಕು. ಮಕ್ಕಳಿಗೆ ರೇಖಾಂಶದ ಪಾಠ ಮಾಡುವ ಸಮಾಜದ ಮೇಷ್ಟ್ರು ನನ್ನ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದರು. ನಾನು ಕೂಡಿಸಿರಲಿಲ್ಲ.

ಐದು ನಲವತ್ತಕ್ಕೆ ಐದೂವರೆ ಕೂಡಿಸಿದರೆ ಹನ್ನೊಂದು ಹತ್ತು.

ಹನ್ನೊಂದು ಹತ್ತಕ್ಕೆ ಚಾಚಾ ಆ ಕದದ ಹೊರಗೆ ನಿಂತಿದ್ದರು. ಒಳಗೆ ಅವಳು ಎಚ್ಚರವಾಗಿ, ಕಂಪ್ಯೂಟರಿನ ಮುಂದೆ, ಮೊಬೈಲ್ ಹಿಡಿದು ಕೂತಿದ್ದಳು. ನಡುವೆ ಒಂದು ಹಲಗೆ ಕದ.

ಇಲ್ಲಿ ಒಂದು ಮಾತು. ಅಷ್ಟರಲ್ಲಿ ಚಾಚಾ ವಾಪಸು ಬಂದು ಕೆಲಸಕ್ಕೆ ಕೂತರು, ನಾನು ಹೇಳಲು ಹೋದೆ, ಅವರು ಎಣಿಸುತ್ತಿದ್ದರು, ಅಂಗೈ ತೋರಿಸಿದರು, ನಾನು ಸುಮ್ಮನೆ ಹೊರಟೆ ಎಂದು ಬರೆದರೆ ಬರಹ ಚೆನ್ನಾಗಿ ಕೂರುತ್ತದೆ. ಒಂದು ಕಡೆ ಹಾಗೇ ಹೇಳಿಯೂ ಇದ್ದೇನೆ; ಕೇಳಿದವರು ನಿಟ್ಟುಸಿರು ಬಿಟ್ಟರು. ಅದು ಸುಳ್ಳು. ಅವರು ಕೆಲಸ ಮಾಡುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ, ಗಿರಾಕಿಗಳಿಲ್ಲ, ಕೈ ಖಾಲಿ. ನನಗೆ ಚಹಾ ತರಿಸಿದರು. ಎದುರು ಸ್ಟೂಲಿನ ಮೇಲೆ ಕೂತು ನನ್ನ ಮುಖವನ್ನೇ ನೋಡಿ ಕೇಳಿದರು.

‘ಯಾಕೆ ಮೇಷ್ಟ್ರೇ, ಮುಖ ಬಾಡೈತೆ? ಹೋಗಲಿಲ್ವಾ ಉತ್ತರ?’

‘ಹೋಯ್ತು ಚಾಚಾ.’

‘ಮತ್ತೇನು?’

‘ಏನಿಲ್ಲ.’

ಬೇಕಾದಷ್ಟು ಹೊತ್ತು ಇತ್ತು. ನಾನು ಚಹಾ ಕುಡಿದೆ. ಅವರ ನೆಮ್ಮದಿ ಕೆಡಿಸಬಾರದೆಂದು ಸುಮ್ಮನಿದ್ದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಸ್ವಲ್ಪ ಅದೂ ನಿಜವಿರಬಹುದು. ಹೆಚ್ಚಿನ ಪಾಲು ನಿಜ ಏನೆಂದರೆ, ಕೈಯಲ್ಲಿ ಬಿಡಿಸಿ ತೋರಿಸಿದ ಗಣಿತದ ಮೇಷ್ಟ್ರಿಗೆ ತಪ್ಪು ಮಾಡಿದೆ ಎನ್ನಲು ಬಾಯಿ ಬರಲಿಲ್ಲ.

ಅವರಿಗೆ ಗೊತ್ತಿತ್ತೇ? ಗೊತ್ತಿತ್ತು ಎಂದು ಬರೆಯಲು ಕೈ ತುಡಿಯುತ್ತದೆ. ಐದು ಹೊತ್ತಿನ ನಮಾಜಿನ ಮೇಲೆ ದಿನ ಅಳೆಯುತ್ತಿದ್ದ ಮನುಷ್ಯ, ತಂತಿಯ ಒಂದು ಸುತ್ತು ಹೆಚ್ಚುಕಡಿಮೆಯಾದರೆ ಬೆರಳಲ್ಲೇ ತಿಳಿಯುತ್ತಿದ್ದ ಮನುಷ್ಯ. ಅವಳ ಸಂಖ್ಯೆಯ ನಂತರ ಇನ್ನು ಯಾವ ಸಂಖ್ಯೆಯನ್ನೂ ಗಂಟೆಗೆ ತಿರುಗಿಸಿಕೊಡಿ ಎಂದು ಅವರು ಕೇಳಲಿಲ್ಲ. ಅದಕ್ಕೆ ಅರ್ಥ ಇದೆಯೋ, ಅವರಿಗೆ ಬೇಕಾಗಿರಲಿಲ್ಲವೋ. ನನ್ನ ಹತ್ತಿರ ಆಧಾರವಿಲ್ಲ. ಹಾಗಾಗಿ ಗೊತ್ತಿರಲಿಲ್ಲ ಎಂದೇ ಇಟ್ಟುಕೊಳ್ಳಬೇಕು.

ನನಗೆ ಜಗಳೂರಿಗೆ ವರ್ಗವಾಯಿತು. ಹೋಗುವ ಮುಂಚೆ ಹೇಳಿಬಿಡಬೇಕೆಂದುಕೊಂಡು ಎರಡು ಸಲ ಅಂಗಡಿಯ ಮುಂದೆ ಬೈಕ್ ನಿಲ್ಲಿಸಿದ್ದೆ. ‘ಜಗಳೂರಾ? ನಮ್ಮ ಬೀಗರ ಊರು ಅಲ್ಲೇ. ಹೋಗಿ ನನ್ನ ಹೆಸರು ಹೇಳ್ರಿ, ಕುರಿ ಕೊಯ್ದು ಊಟ ಹಾಕ್ತಾರೆ’ ಎಂದು ಅವರು ನಕ್ಕರು. ‘ನಾನು ಕುರಿ ತಿನ್ನಲ್ಲ ಚಾಚಾ.’ ‘ಹಂಗಾದ್ರೆ ಹೆಸರು ಹೇಳಬ್ಯಾಡ್ರಿ ಬಿಡ್ರಿ, ನನ್ನ ಮರ್ಯಾದಿ ಹೋಗತೈತೆ.’ ಅದೇ ಅವರ ಜೊತೆ ನಾನಾಡಿದ ಕೊನೆಯ ಮಾತು. ಕೊನೆಯ ಮಾತು ಎಂದು ಆಗ ಯಾರಿಗೂ ಗೊತ್ತಿರುವುದಿಲ್ಲವಲ್ಲ.

ನಾನು ಹೋದ ಮೇಲೆ ಕಂಪ್ಯೂಟರ್ ನಿಂತಿತು. ಮೂರು ವರ್ಷದ ನಂತರ ಅವರು ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ಎದೆನೋವು, ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಆಗಿಹೋಯಿತಂತೆ. ಜಗಳೂರಿನಿಂದ ಎರಡು ಬಸ್ಸು ಬದಲಿಸಿ ನಾನು ತಲುಪುವ ಹೊತ್ತಿಗೆ ಮಣ್ಣು ಆಗಿತ್ತು. ಗೋರಿಯ ಮೇಲಿನ ಮಣ್ಣು ಇನ್ನೂ ಹಸಿ. ಅಲ್ಲಿ ನಿಂತು ಹೇಳಿಕೊಳ್ಳಬಹುದಿತ್ತು. ಸತ್ತವರಿಗೆ ಹೇಳುವುದು ಸುಲಭ. ಅದಕ್ಕೇ ಹೇಳಲಿಲ್ಲ.

ಇದೆಲ್ಲ ಅಲ್ಲಿಗೆ ಮುಗಿಯಬೇಕಿತ್ತು. ಈ ವರ್ಷ, ವರ್ಗವಾಗಿ ಚನ್ನಗಿರಿಗೆ ಬಂದ ಮೇಲೆ, ನಾನು ಚಾಚಾರ ಹೆಂಡತಿ ಚಾಚಿಯನ್ನು ನೋಡಲು ನ್ಯಾಮತಿಗೆ ಹೋದೆ. ದೊಡ್ಡ ಮಗಳು, ಅಳಿಯ, ಮೊಮ್ಮಕ್ಕಳು ಈಗ ಅಲ್ಲೇ ಇದ್ದಾರೆ. ಅಂಗಡಿಯಲ್ಲಿ ಅಳಿಯ ನೀರಿನ ಪೈಪು, ನಲ್ಲಿ ಮಾರುತ್ತಾನೆ. ಚಿಕ್ಕವಳ ಕೋಣೆಯಲ್ಲಿ ಮಕ್ಕಳ ಪುಸ್ತಕದ ಚೀಲಗಳು ನೇತಾಡುತ್ತಿದ್ದವು. ಚಾಚಿ ಹಜಾರದಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದರು.

‘ಬರ್ರಿ ಮೇಷ್ಟ್ರೇ. ಕುಂತ್ಕಳ್ರಿ. ಎಷ್ಟು ಸೊರಗೀರಿ! ಚನ್ನಗಿರ್ಯಾಗೆ ಊಟ ಹಾಕಲ್ವಾ?’

ಒಂದಷ್ಟು ಹೊತ್ತು ಸಂತೋಷವಾಗಿಯೇ ಮಾತಾಡಿದೆವು. ಅವರ ಮುಖದಲ್ಲಿ ದುಃಖ ತನ್ನ ಜಾಗ ಹುಡುಕಿಕೊಂಡು ಕೂತಿತ್ತು. ಅಂಥ ಹೊತ್ತಿನಲ್ಲಿ ಎದ್ದು ಬರಬೇಕಿತ್ತು. ನಾನು, ‘ಚಾಚಿ, ಒಂದು ವಿಷಯ ಹೇಳಬೇಕು’ ಎಂದೆ. ನಾನು ನಂಬಿದ್ದು ಹೀಗೆ: ಮಗಳು ಎಚ್ಚರವಾಗಿದ್ದದ್ದು ಆಕೆಗೆ ಮೊದಲಿನಿಂದಲೂ ಗೊತ್ತು, ಗಂಡನ ಸಮಾಧಾನಕ್ಕಾಗಿ ಮಲಗಿದ್ದಳು ಎಂದರು. ಚಾಚಾ ಹಾಗೇ ಅನುಮಾನಪಟ್ಟಿದ್ದರು, ನಾನೂ ಅದನ್ನೇ ಹಿಡಿದಿದ್ದೆ. ನಾವಿಬ್ಬರೂ ಒಂದೇ ಸುಳ್ಳನ್ನು ಕಾಪಾಡಿದವರು, ಆಕೆಯ ಮುಂದೆ ಹೇಳಿದರೆ ಇಬ್ಬರಿಗೂ ಹಗುರಾಗುತ್ತದೆ ಎಂದುಕೊಂಡಿದ್ದೆ. ಎಲ್ಲ ಹೇಳಿದೆ. ಐದೂವರೆ ಗಂಟೆ ಕೂಡಿಸದಿದ್ದದ್ದು, ನಿಜವಾದ ಹೊತ್ತು ಹನ್ನೊಂದು ಹತ್ತು ಎಂಬುದು, ತಿಳಿದ ಮೇಲೂ ಸುಮ್ಮನಿದ್ದದ್ದು.

ಬೇಳೆಯ ಮೇಲೆ ಆಡುತ್ತಿದ್ದ ಅವರ ಬೆರಳು ನಿಂತವು.

‘ಹನ್ನೊಂದು ಹತ್ತಾ?’

‘ಹೌದು ಚಾಚಿ.’

‘ನಾನು ಹತ್ತೂವರೆಗೆ ಚಹಾ ಕೊಟ್ಟೆ,’ ಎಂದರು. ‘ಕುಡಿದು, ಮಲಗ್ತೀನಿ ಅಮ್ಮಿ ಅಂದ್ಲು. ಕದ ಹಾಕ್ಕಂಡ್ಲು. ಮಲಗ್ಯಾಳೆ ಅಂತಾನೇ ನಾನು ಅವರಿಗೆ ಹೇಳಿದ್ದು.’ ಆಮೇಲೆ ನನ್ನ ಕಡೆ ತಿರುಗಿ, ‘ಸುಳ್ಳು ಹೇಳ್ದೆ ಅನ್ಕಂಡಿದ್ರಾ ಅವರು?’

ನಾನು ಮೊರದ ಬೇಳೆಯನ್ನು ನೋಡಿದೆ.

‘ನಾನು ಸುಳ್ಳು ಹೇಳಿರಲಿಲ್ಲ ಮೇಷ್ಟ್ರೇ.’

ಅವರು ಅಡುಗೆಮನೆಯ ಕಡೆ ತಿರುಗಿ ನೋಡಿದರು. ಆಮೇಲೆ ಆ ಕೋಣೆಯ ಕಡೆ. ಎರಡರ ನಡುವೆ ಇದ್ದದ್ದು ನಾವು ಕೂತಿದ್ದ ಹಜಾರ, ನಾಲ್ಕು ಹೆಜ್ಜೆ.

‘ನಾನು ಅಲ್ಲೇ ಇದ್ದೆ. ಊಟದ ಹೊತ್ತಿನ ತನಕ ಅಲ್ಲೇ ಇದ್ದೆ. ಎದ್ದು ಕುಂತಿದ್ಲು ಅಂದ್ರೆ... ಕರೆದಿದ್ಲೇನೋ. ಕುಕ್ಕರ್ ಕೂಗ್ತಿತ್ತು.’

ಅಷ್ಟೇ ಹೇಳಿದರು. ಒಳಗಿನಿಂದ ಮೊಮ್ಮಗಳು ಬಂದು ನನಗೆ ಚಹಾ ಕೊಟ್ಟಳು. ಚಾಚಿ ಮತ್ತೆ ಮೊರಕ್ಕೆ ಕೈ ಹಾಕಿದರು, ಆದರೆ ಆರಿಸಿಟ್ಟಿದ್ದ ಕಲ್ಲುಗಳನ್ನೂ ಬೇಳೆಗೇ ಹಾಕಿಬಿಟ್ಟರು. ನಾನು ನೋಡಿದೆ, ಅವರು ನೋಡಲಿಲ್ಲ. ಚಾಚಾರಿಂದ ಅಷ್ಟು ವರ್ಷ ಬಚ್ಚಿಟ್ಟದ್ದನ್ನು, ಅದರ ಅಗತ್ಯವೇ ಇಲ್ಲದಿದ್ದ ಇನ್ನೊಬ್ಬರ ಮಡಿಲಿಗೆ ಒಂದು ಚಹಾ ಆರುವುದರೊಳಗೆ ಹಾಕಿ ಎದ್ದು ಬಂದೆ.

ವಾರ್ನಿಷ್ ವಾಸನೆ ಬಂದದ್ದರಿಂದ ಇದನ್ನು ಬರೆಯಲು ಕೂತೆ ಎಂದು ಶುರುವಿನಲ್ಲಿ ಅನ್ನಿಸುವಂತೆ ಬರೆದಿದ್ದೇನೆ. ಅದೂ ಅರ್ಧ ಸತ್ಯ. ಆ ವಾಸನೆಗೆ ಎರಡು ದಿನ ಮುಂಚೆ ಚಾಚಿಯ ಫೋನ್ ಬಂದಿತ್ತು. ನನ್ನ ಆರೋಗ್ಯ ಕೇಳಿದರು, ಮಕ್ಕಳ ಓದು ಕೇಳಿದರು. ಹಿಂದೆ ಯಾರೋ ನಲ್ಲಿಯ ರೇಟು ಚೌಕಾಸಿ ಮಾಡುತ್ತಿದ್ದುದು ಕೇಳಿಸುತ್ತಿತ್ತು.

‘ಮೇಷ್ಟ್ರೇ,’ ಎಂದರು, ‘ಆ ಲೆಕ್ಕ ಮೊದಲು ಒಂದು ಸಲ ತಪ್ಪಿತ್ತಲ್ಲ?’

‘ಹೌದು ಚಾಚಿ.’

‘ಹಂಗಾದ್ರೆ ಎರಡನೇ ಸಲಾನೂ ತಪ್ಪಿರಬಹುದಲ್ಲ? ಇನ್ನೊಂದು ಸಲ ನೋಡ್ತೀರಾ?’

ಚಾಚಾ ಇಲ್ಲ. ಅವಳು ಇಲ್ಲ. ಕೇಳಲು ಉಳಿದವರು ಇವರೊಬ್ಬರೇ, ಅವರು ಕೇಳುತ್ತಿರುವುದು ಆ ಹಳೆಯ ಐದು ನಲವತ್ತನ್ನು. ಪಟ್ಟಿ ನನ್ನ ಮೇಜಿನ ಮೇಲಿದೆ. ಮತ್ತೆ ಭಾಗಿಸಿ ನೋಡುವುದೇನೂ ಉಳಿದಿಲ್ಲ.

ನೋಡಿ ಹೇಳ್ತೀನಿ ಎಂದಿದ್ದೇನೆ. ಇನ್ನೂ ಹೇಳಿಲ್ಲ.